ಷೇರುಪೇಟೆಯಲ್ಲಿ ಕರಗುವ ಹಣ

ಮೊನ್ನೆ ಶಕ್ತಿ ಸಂರಕ್ಷಣೆಯ ನಿಯಮವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಎದ್ದು ನಿಂತು ಕೇಳಿದ: “ಸರ್, ಷೇರುಪೇಟೆ ಕುಸಿದು ಸಾವಿರಾರು ಕೋಟಿ ರೂಪಾಯಿ ಕರಗಿತೆಂದು ಪತ್ರಿಕೆಯಲ್ಲಿ ಓದಿದೆ. ಆ ಹಣ ಎಲ್ಲಿಗೆ ಹೋಯಿತು?” ತರಗತಿ ನಕ್ಕಿತು. ಆತ ನಗಲಿಲ್ಲ. ಅವನ ವಿದ್ಯಾಭ್ಯಾಸಕ್ಕೆಂದು ತಂದೆ ಕೂಡಿಟ್ಟದ್ದರಲ್ಲಿ ಒಂದು ಪಾಲು ಷೇರುಗಳಲ್ಲಿತ್ತು.

ಉತ್ತರಕ್ಕಾಗಿ ಮೊದಲು ನಮ್ಮ ತರಗುಪೇಟೆಗೆ ಹೋಗೋಣ. ಅಕ್ಕಿ, ಬೇಳೆಗಳ ಮಂಡಿಗಳಿಗೆ ಬಹುಕಾಲದಿಂದ ಹೆಸರಾದ ಬೀದಿಗಳಿವು. ಹತ್ತು ಮಂಡಿಗಳಲ್ಲಿ ಒಂದೇ ಜಾತಿಯ ಅಕ್ಕಿ ತಲಾ ನೂರು ಮೂಟೆ ಇದೆಯೆಂದು ಭಾವಿಸಿರಿ. ನಿನ್ನೆಯ ಧಾರಣೆ ಮೂಟೆಗೆ 1,500 ರೂಪಾಯಿ. ಸಾವಿರ ಮೂಟೆಗಳ ಬೆಲೆ 15 ಲಕ್ಷ. ಇಂದು ಬೆಳಗ್ಗೆ ಹಣದ ಅಡಚಣೆಗೆ ಸಿಕ್ಕಿದ ವರ್ತಕನೊಬ್ಬ ಐದು ಮೂಟೆಗಳನ್ನು 1,400ರಂತೆ ಕೊಟ್ಟನು. ಸುದ್ದಿ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಎಲ್ಲರ ದಾಸ್ತಾನೂ 1,400ರಂತೆಯೇ ಲೆಕ್ಕಕ್ಕೆ ಬರುವುದು: ಒಟ್ಟು 14 ಲಕ್ಷ. ಕೈ ಬದಲಾದ ಹಣ 7,000 ರೂಪಾಯಿ. “ಕರಗಿದ್ದು” ಒಂದು ಲಕ್ಷ! ಒಂದು ಕಾಳೂ ಕಡಮೆಯಾಗಿಲ್ಲ. ಧಾರಣೆಯೆಂಬುದು ಕಡೆಯ ಚೌಕಾಸಿಯ ಗುರುತು ಮಾತ್ರ. ಅದನ್ನು ಇಡೀ ದಾಸ್ತಾನಿನಿಂದ ಗುಣಿಸಿದಾಗ ಬರುವ ಮೊತ್ತ ಯಾರ ಪೆಟ್ಟಿಗೆಯಲ್ಲಿಯೂ ಇದ್ದ ಹಣವಲ್ಲ. ಆದುದರಿಂದ ಸಂರಕ್ಷಣೆಯ ನಿಯಮ ಅದಕ್ಕೆ ಅನ್ವಯಿಸದು. ಇಂದೇ ಮಾರಲೇಬೇಕಾದವನ ನಷ್ಟವಾದರೋ ನಿಜವಾದದ್ದೇ.

ಷೇರುಪೇಟೆಯೂ ಒಂದು ಪೇಟೆಯೇ. ಅಲ್ಲಿಯ ಸರಕು ಅಕ್ಕಿಯಲ್ಲ, ಕಂಪೆನಿಯ ಒಡೆತನದ ಸಣ್ಣ ಪಾಲು. 1993ರಲ್ಲಿ ನಮ್ಮ ಊರಿನ ಇನ್ಫೋಸಿಸ್ ಕಂಪೆನಿ ತನ್ನ ಷೇರನ್ನು 95 ರೂಪಾಯಿಯಂತೆ ಸಾರ್ವಜನಿಕರಿಗೆ ಮಾರಿತು. ಆ ಹಣ ಕಂಪೆನಿಗೆ ಸಂದಿತು. ಜೂನ್ ತಿಂಗಳಲ್ಲಿ ಷೇರು ಪೇಟೆಯ ಪಟ್ಟಿಗೆ ಸೇರಿ, 145 ರೂಪಾಯಿಗೆ ವ್ಯವಹಾರ ಆರಂಭವಾಯಿತು. ಹೆಚ್ಚಿನ ಐವತ್ತು ರೂಪಾಯಿ ಕಂಪೆನಿಗಲ್ಲ, ಮಾರಿದವನಿಗೆ. ಪಟ್ಟಿಗೆ ಸೇರಿದ ಕಂಪೆನಿ ಮೂರು ತಿಂಗಳಿಗೊಮ್ಮೆ ಲಾಭನಷ್ಟಗಳನ್ನು ಬಹಿರಂಗಪಡಿಸಬೇಕು. ಇದು ಆ ಪಟ್ಟಿಯ ನಿಜವಾದ ಬೆಲೆಯೆಂದು ನನಗೆ ತೋರುತ್ತದೆ. ಮೂಟೆಗೆ ಬಂಬು ಚುಚ್ಚಿ ನೋಡುವಂತೆ ಕಂಪೆನಿಯನ್ನು ನೋಡಲಾಗದಷ್ಟೆ.

ಬೆಂಗಳೂರಿಗೂ ತನ್ನದೇ ಷೇರು ವಿನಿಮಯ ಕೇಂದ್ರವಿತ್ತು. 1957ರಲ್ಲಿ ಸ್ಥಾಪಿತವಾಗಿ, 1963ರಲ್ಲಿ ಸರ್ಕಾರದ ಮಾನ್ಯತೆ ಪಡೆದ ಅದು, ಮುಂದೆ ತರಗುಪೇಟೆಗೆ ಅನತಿದೂರದ ಜೆ.ಸಿ. ರಸ್ತೆಯಲ್ಲಿ ನೆಲೆಗೊಂಡಿತು. ದನಗಳ ಜಾತ್ರೆಯಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕಟ್ಟುವುದನ್ನು ನೀವು ನೋಡಿರಬಹುದು. ಷೇರುಪೇಟೆಯ ಪದ್ಧತಿ ಅದಕ್ಕೆ ತದ್ವಿರುದ್ಧ: ದಲ್ಲಾಳಿಗಳು ಎಲ್ಲರೂ ಕೇಳುವಂತೆ ಕೂಗಿ ಬೆಲೆ ಹೇಳುತ್ತಿದ್ದರು. 1994ರಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಈ ಕೂಗನ್ನು ಗಣಕಯಂತ್ರಕ್ಕೆ ಒಪ್ಪಿಸಿತು. ಅತಿ ಹೆಚ್ಚು ಕೊಡುವ ಕೊಳ್ಳುವವನನ್ನೂ ಅತಿ ಕಡಮೆ ಕೇಳುವ ಮಾರುವವನನ್ನೂ ಯಂತ್ರವೇ ಜೋಡಿಸುವುದು. ಬೆಲೆ ಸಮನಾದರೆ ಮೊದಲು ಬಂದವನಿಗೆ ಮೊದಲು. ಯಾವ ಊರಿನಿಂದಾದರೂ ಒಂದೇ ಪೇಟೆಗೆ ತಲುಪಬಹುದಾದ ಮೇಲೆ ಊರೂರಿನ ಪೇಟೆಗಳು ಬರಿದಾದವು. ಬೆಂಗಳೂರಿನ ಕೇಂದ್ರದ ಮಾನ್ಯತೆ 2014ರ ಡಿಸೆಂಬರಿನಲ್ಲಿ ಕೊನೆಗೊಂಡಿತು.

ಇನ್ನು ಸೂಚ್ಯಂಕ. ಮುಂಬಯಿ ಪೇಟೆಯ ಸೆನ್ಸೆಕ್ಸ್ 30 ಕಂಪೆನಿಗಳದ್ದು. 1978-79ರ ಮಟ್ಟವನ್ನು 100 ಎಂದಿಟ್ಟುಕೊಂಡ ಅಳತೆ. ಇದು ಸರಾಸರಿಯೇ, ಆದರೆ ತೂಕದ ಸರಾಸರಿ. ಎರಡೇ ಕಂಪೆನಿಗಳಿವೆಯೆನ್ನಿ. ಮೊದಲನೆಯದರ ಷೇರುಗಳ ಒಟ್ಟು ಬೆಲೆ 10 ಕೋಟಿ, ಎರಡನೆಯದು 20 ಕೋಟಿ. ಈ 30 ಕೋಟಿಯನ್ನು 100 ಎನ್ನೋಣ. ಮೊದಲನೆಯದು ಶೇಕಡಾ 20 ಏರಿ 12 ಕೋಟಿಯಾಯಿತು. ಎರಡನೆಯದು ಶೇಕಡಾ 10 ಇಳಿದು 18 ಕೋಟಿ. ಮೊತ್ತ ಅದೇ 30, ಸೂಚ್ಯಂಕ ಅದೇ 100. ಎರಡನೆಯ ಕಂಪೆನಿಯಲ್ಲೇ ಎಲ್ಲವನ್ನೂ ಹೂಡಿದವನಿಗಾದರೋ ಹತ್ತರಲ್ಲೊಂದು ಭಾಗ ಹೋಯಿತು. (2003ರಿಂದ ಸೆನ್ಸೆಕ್ಸಿನ ತೂಕಕ್ಕೆ ಪ್ರವರ್ತಕರ ಕೈಯಲ್ಲಿರುವ ಷೇರುಗಳನ್ನು ಹಿಡಿಯುವುದಿಲ್ಲ, ಮಾರಾಟಕ್ಕೆ ಸಿಗುವ ಷೇರುಗಳದ್ದಷ್ಟೇ ಲೆಕ್ಕ.)

ಮರುವಾರ ಆ ವಿದ್ಯಾರ್ಥಿ ತಂದೆಯ ನಾಲ್ಕು ಕಂಪೆನಿಗಳ ಷೇರುಗಳಿಗೆ ಇದೇ ಕ್ರಮದಲ್ಲಿ ಮನೆಯ ಸೂಚ್ಯಂಕವೊಂದನ್ನು ಕಟ್ಟಿ ತಂದ. ಅದು ಸೆನ್ಸೆಕ್ಸಿಗಿಂತ ಹೆಚ್ಚು ಇಳಿದಿತ್ತು. ಲೆಕ್ಕವನ್ನು ಎರಡು ಸಲ ಪರೀಕ್ಷಿಸಿದೆ, ತಪ್ಪಿರಲಿಲ್ಲ.