ತಾಮ್ರದ ಪಾತ್ರೆ: ನೀರಿಗೆ ಹಿತ, ಹಾಲಿಗೆ ಅಹಿತ

ಗೋದಾವರಿ ತೀರದ ನಾಸಿಕದಲ್ಲಿ ತಾಮ್ರದ ವ್ಯಾಪಾರ ಬಹು ಹಳೆಯದು. ಅಲ್ಲಿಯ ಭಾಂಡಿ ಬಜಾರಿನಲ್ಲಿ ಹಂಡೆ, ಕೊಡ, ತಂಬಿಗೆಗಳ ಬೆಲೆಯನ್ನು ತೂಕವೇ ನಿರ್ಧರಿಸುತ್ತದೆ. ಲೋಹದ ದರವಾದರೋ ದೂರದ ಲಂಡನ್ನಿನ ಪೇಟೆಯನ್ನು ಅನುಸರಿಸಿ ಏರಿಳಿಯುತ್ತದೆ. ಗುಜರಿ ಸೇರಿದ ಹಂಡೆಯೂ ವ್ಯರ್ಥವಾಗದು, ಕರಗಿ ಮತ್ತೊಂದು ರೂಪ ತಾಳುತ್ತದೆ. ನಾಸಿಕ ಹಾಗೂ ಛತ್ರಪತಿ ಸಂಭಾಜಿನಗರದ ಕಾರ್ಖಾನೆಗಳಿಗೆ ತಾಮ್ರವೆಂದರೆ ಮುಖ್ಯವಾಗಿ ವಿದ್ಯುತ್ ತಂತಿ. ಗೃಹಿಣಿಗೆ ಮಾತ್ರ ಅದು ಇಂದಿಗೂ ಪಾತ್ರೆಯೇ.

ತಾಮ್ರದ ಕೊಡದ ನೀರು ಒಳ್ಳೆಯದೆಂಬ ಹಿರಿಯರ ಮಾತು ನಿರಾಧಾರವಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾಲರಾ, ವಿಷಮಶೀತಜ್ವರಗಳ ರೋಗಾಣು ಬೆರೆಸಿದ ನೀರನ್ನು ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟ ಬಳಿಕ ಆ ಜೀವಾಣುಗಳು ಪತ್ತೆಯಾಗಲಿಲ್ಲ. ನೀರಿಗಿಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆ ವಿಧಿಸಿದ ಲೀಟರಿಗೆ 2 ಮಿಲಿಗ್ರಾಂ ಮಿತಿಗಿಂತ ಬಹಳ ಕಡಿಮೆಯಿತ್ತು.

ಹಾಲಿನ ವಿಷಯ ಬೇರೆ. ಹಾಲಿನ ಕೇಸೀನ್ ಎಂಬ ಸಸಾರಜನಕ ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಳೆಯ ಮಕ್ಕಳ ಯಕೃತ್ತನ್ನು ಹಾಳುಗೆಡವಿ ಪ್ರಾಣವನ್ನೇ ಒಯ್ಯುತ್ತಿದ್ದ ಸಿರೋಸಿಸ್ ರೋಗಕ್ಕೂ, ಕಲಾಯಿಯಿಲ್ಲದ ತಾಮ್ರ-ಹಿತ್ತಾಳೆ ಪಾತ್ರೆಗಳಲ್ಲಿ ಕಾಯಿಸಿಟ್ಟ ಹಾಲಿಗೂ ಸಂಬಂಧವಿರಬಹುದೆಂದು ಪುಣೆಯ ವೈದ್ಯರು ಬ್ರಿಟನ್ನಿನ ವೈದ್ಯರೊಡಗೂಡಿ 1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಿಳಿಸಿದರು. ಅಂಥ ಪಾತ್ರೆಗಳ ಬಳಕೆ ತಗ್ಗಿದಂತೆ ಆ ರೋಗವೂ ವಿರಳವಾಯಿತು. ಎಷ್ಟೋ ಮನೆಗಳಲ್ಲಿ ಸ್ಟೀಲು ಪಾತ್ರೆ ಅಗ್ಗವೆಂದು ಬಂದು ಮಗುವನ್ನು ಉಳಿಸಿರಬೇಕು!

ಮಜ್ಜಿಗೆ, ಹುಣಸೆರಸ, ನಿಂಬೆಯ ಪಾನಕಗಳನ್ನೂ ಬರಿಯ ತಾಮ್ರದಲ್ಲಿ ಇಡಲಾಗದು. ಹುಳಿ ಲೋಹವನ್ನು ಕರಗಿಸಿ ಓಕರಿಕೆ, ಹೊಟ್ಟೆನೋವು ತರುತ್ತದೆ. ಹಸಿರು ಕಿಲುಬನ್ನು ಉಜ್ಜಿ ತೊಳೆದ ಮೇಲೆಯೇ ನೀರು ತುಂಬತಕ್ಕದ್ದು. ಅಡುಗೆಯ ಪಾತ್ರೆಯ ಕಲಾಯಿ ಸವೆದು ಒಳಗೆ ಕೆಂಪು ಕಂಡೊಡನೆ ಮತ್ತೆ ಹಾಕಿಸಬೇಕು. ಕಲಾಯಿಯವನು ದೊರೆಯದ ಊರಿನಲ್ಲಿ ಅದನ್ನು ನೀರಿಗಷ್ಟೇ ಮೀಸಲಿಡುವುದು ಲೇಸು.