ಪಾರ್ಕಿಂಗ್ ಗೇಟಿನಲ್ಲಿ ಎರಡೆರಡು ಸಲ ದುಡ್ಡು ಕೊಡಬೇಡಿ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಎದುರಾಗಲಿ, ಚನ್ನಪಟ್ಟಣದ ಗೊಂಬೆ ಅಂಗಡಿಗಳ ಮುಂದಾಗಲಿ ಗಾಡಿ ನಿಲ್ಲಿಸಲು ನಮಗೆ ಯಾವ ಯಂತ್ರದ ಹಂಗೂ ಇಲ್ಲ. ಜಾಗ ಕಂಡಲ್ಲಿ ನುಗ್ಗಿಸುತ್ತೇವೆ, ಯಾರಾದರೂ ಬೈದರೆ ತೆಗೆಯುತ್ತೇವೆ. ತಾಪತ್ರಯ ಶುರುವಾಗುವುದು ಬೆಂಗಳೂರಿನ ಮಾಲು, ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣಗಳ ಗೇಟಿನಲ್ಲಿ. ಫ್ರೀಡಂ ಪಾರ್ಕ್ ಬಳಿ 2024ರಲ್ಲಿ ತೆರೆದ ಬಹುಮಹಡಿ ಪಾರ್ಕಿಂಗ್ ಒಂದರಲ್ಲೇ 550ಕ್ಕೂ ಹೆಚ್ಚು ಕಾರು ನಿಲ್ಲಿಸಬಹುದು. ಅಷ್ಟು ಗಾಡಿ ಬಂದುಹೋಗುವ ಜಾಗದ ಲೆಕ್ಕ ಚೀಟಿ ಹರಿಯುವ ಹುಡುಗನ ಕೈಗೆ ನಿಲುಕುವುದಿಲ್ಲ. ಹಾಗಾಗಿ ದೊಡ್ಡ ತಾಣಗಳಲ್ಲಿ ಆ ಕೆಲಸ ಕ್ಯಾಮೆರಾ, ಸೆನ್ಸರ್, ಫಾಸ್ಟ್ಯಾಗ್ ರೀಡರ್‌ಗಳ ಪಾಲಾಗಿದೆ. ಅವು ಏನು ಮಾಡುತ್ತವೆಂದು ತಿಳಿಯದೆ ಹೋದವರು ದಂಡ ತೆರುತ್ತಿದ್ದಾರೆ.

ಮನೆ ಬಿಡುವ ಮುನ್ನ

ಫಾಸ್ಟ್ಯಾಗ್ ವ್ಯಾಲೆಟ್ ತೆರೆದು ಎಷ್ಟು ಹಣವಿದೆ ನೋಡಿ. 'ನನ್ನ ಹತ್ತಿರ ಪಾಸ್ ಇದೆಯಲ್ಲ' ಎನ್ನುವವರಿಗೇ ಈ ಮಾತು. 2025ರ ಆಗಸ್ಟ್ 15ರಂದು ಜಾರಿಗೆ ಬಂದ ವಾರ್ಷಿಕ ಪಾಸ್ ನಮ್ಮ ಕಡೆಯವರಿಗೆ ಅನುಕೂಲವಾಗಿದೆ, ನಿಜ. ಶುರುವಾದಾಗ ಅದರ ಬೆಲೆ 3,000 ರೂಪಾಯಿ. ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವುದು, ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಆದರೆ ಅದು ನಡೆಯುವುದು ರಾಷ್ಟ್ರೀಯ ಹೆದ್ದಾರಿಯ ಟೋಲ್‌ಗಳಲ್ಲಿ ಮಾತ್ರ. ಪಾರ್ಕಿಂಗ್ ಗೇಟಿನಲ್ಲಿ ನಿಮ್ಮ ಸ್ಟಿಕ್ಕರ್ ಮಾಮೂಲಿ ಫಾಸ್ಟ್ಯಾಗ್, ಹಣ ಹೋಗುವುದು ವ್ಯಾಲೆಟ್‌ನಿಂದಲೇ. ಕಣಿಮಿಣಿಕೆ, ಶೇಷಗಿರಿಹಳ್ಳಿ ಟೋಲ್‌ಗಳನ್ನು ಪಾಸ್ ಮೇಲೆ ಸಲೀಸಾಗಿ ದಾಟಿದವರಿಗೆ ವ್ಯಾಲೆಟ್ ಬರಿದಾಗಿರುವುದು ಗಮನಕ್ಕೇ ಬಂದಿರುವುದಿಲ್ಲ.

ಟ್ಯಾಗ್ ಗಾಜಿನ ಒಳಬದಿ, ನಡುಮೇಲ್ಭಾಗದಲ್ಲಿ ಅಂಟಿಕೊಂಡಿರಲಿ. ಕೈಯಲ್ಲಿ ಹಿಡಿದು ತೋರಿಸುವ ಚಾಳಿ ಬಿಡಿ, ಗಾಜಿಗೆ ಅಂಟಿಸದ ಟ್ಯಾಗ್‌ಗಳನ್ನು ಹೆದ್ದಾರಿ ಪ್ರಾಧಿಕಾರ ಕಪ್ಪುಪಟ್ಟಿಗೆ ಸೇರಿಸುತ್ತದೆ. ನಂಬರ್ ಪ್ಲೇಟನ್ನೂ ಒಂದು ಸಲ ಒರೆಸಿ. ಕೆಎ 42 ಎಂಬುದರ ಮೇಲೆ ಕೆಸರಿನ ಒಂದು ಚುಕ್ಕೆ ಬಿದ್ದರೂ ಕ್ಯಾಮೆರಾ ಬೇರೆ ಅಂಕಿ ಓದಬಹುದು. ಸಾವನದುರ್ಗದ ಮಣ್ಣುದಾರಿ ಸುತ್ತಿ ನೇರ ಪೇಟೆಗೆ ಹೊರಡುವ ಮಾಗಡಿಯವರು ಗಮನಿಸಿ. ಅಂದಚೆಂದದ ಬಾಗಿದ ಅಕ್ಷರಗಳ ಪ್ಲೇಟ್ ಕಾನೂನಿಗೂ ವಿರುದ್ಧ, ಯಂತ್ರಕ್ಕೂ ಅರ್ಥವಾಗದು.

ಒಳಹೋಗುವಾಗ

ಮುಂದಿನ ಕಾರಿನ ಬಾಲ ಹಿಡಿದು ನುಗ್ಗಬೇಡಿ. ಗೇಟಿನ ಬಳಿ ನೆಲದಡಿ ತಂತಿಯ ಸುರುಳಿ ಹೂತಿರುತ್ತದೆ. ಮೇಲೆ ಲೋಹದ ಗಾಡಿ ನಿಂತಿದೆ ಎಂದು ತಿಳಿದು ಅದು ಅಡ್ಡಕೋಲನ್ನು ಎತ್ತಿ ಹಿಡಿದಿರುತ್ತದೆ, ಗಾಡಿ ದಾಟಿದ ಕೂಡಲೇ ಇಳಿಸುತ್ತದೆ. ಸ್ಕೂಟರಿನಲ್ಲಿ ಲೋಹ ಕಡಿಮೆ. ಎಷ್ಟೋ ಕಡೆ ಆ ಸುರುಳಿಗೆ ಸ್ಕೂಟರ್ ಬಂದದ್ದೇ ತಿಳಿಯುವುದಿಲ್ಲ, ಕೋಲು ಸವಾರನ ತಲೆಯ ಮೇಲೇ ಇಳಿಯಬಹುದು. ದ್ವಿಚಕ್ರದವರು ತಮಗೆಂದು ಬಿಟ್ಟಿರುವ ಪಕ್ಕದ ದಾರಿಯಲ್ಲೇ ಹೋಗಬೇಕು.

ಗೇಟಿನಲ್ಲಿ ನಿಮ್ಮ ಗುರುತು ಯಾವುದರಿಂದ ದಾಖಲಾಯಿತು ಎಂದು ಗಮನಿಸಿ: ಟ್ಯಾಗಿನಿಂದಲೋ, ನಂಬರ್ ಪ್ಲೇಟಿನಿಂದಲೋ, ಗುಂಡಿ ಒತ್ತಿ ಪಡೆದ ಚೀಟಿಯಿಂದಲೋ? ಚೀಟಿಯಾದರೆ ತಕ್ಷಣ ಫೋನಿನಲ್ಲಿ ಅದರ ಫೋಟೊ ತೆಗೆಯಿರಿ, ಚೀಟಿಯನ್ನು ಜೇಬಿಗೆ ಹಾಕಿ. ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಅದು ಬಿಸಿ ತಾಗಿದರೆ ಕಪ್ಪಾಗುವ ಕಾಗದ. ಬಿಸಿಲಲ್ಲಿ ಒಂದು ಮಧ್ಯಾಹ್ನ ಬೆಂದರೆ ಕ್ಯೂಆರ್ ಚೌಕ ಮಸಿ ಬಳಿದಂತಾಗಿ ಯಂತ್ರ ಓದುವುದಿಲ್ಲ. ಆಗ ನಿಮ್ಮ ಕೈಯಲ್ಲಿರುವುದು 'ಕಳೆದುಹೋದ ಚೀಟಿ'. ದಂಡವೂ ಅದಕ್ಕೆ ತಕ್ಕಂತೆ.

ಒಳಗೆ ಚಾವಣಿಯಲ್ಲಿ ಹಸಿರು ದೀಪ ಕಂಡರೆ ಕೆಳಗಿನ ಜಾಗ ಖಾಲಿ, ಕೆಂಪಾದರೆ ಭರ್ತಿ. ಪ್ರತಿ ಜಾಗದ ಮೇಲೂ ಶಬ್ದದ ಅಲೆ ಬಿಟ್ಟು, ಅದು ಮರಳುವ ಹೊತ್ತನ್ನು ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಎರಡು ಗೆರೆಗಳ ನಡುವೆ ಅಡ್ಡಾದಿಡ್ಡಿ ನಿಲ್ಲಿಸಿದರೆ ಪಕ್ಕದ ಜಾಗದ ಲೆಕ್ಕವೂ ಕೆಡುತ್ತದೆ. ಗಾಡಿ ನಿಲ್ಲಿಸಿ ಹೊರಡುವಾಗ ಕಂಬದ ನಂಬರ್ ನೆನಪಿರಲಿ.

ಹೊರಬರುವಾಗ: ಎಡವುವುದೆಲ್ಲ ಇಲ್ಲೇ

ಟ್ಯಾಗ್‌ನಿಂದ ಒಳಹೋದವರು ಟ್ಯಾಗ್‌ನಿಂದಲೇ ಹೊರಬರಬೇಕು, ಚೀಟಿಯಿಂದ ಹೋದವರು ಚೀಟಿಯಿಂದಲೇ. ಕೇಳಲು ಸಣ್ಣ ಮಾತು, ಹೆಚ್ಚಿನ ಜನ ಸೋಲುವುದು ಇಲ್ಲೇ. ಕಾರಣವಿಷ್ಟೆ. ಒಳಗೆ ಹೋದ ಕ್ಷಣ ಯಂತ್ರ ನಿಮ್ಮ ಗುರುತಿನಲ್ಲಿ ಒಂದು ಲೆಕ್ಕ ತೆರೆಯುತ್ತದೆ. ಹೊರಬರುವಾಗ ಅದೇ ಗುರುತು ಸಿಕ್ಕರೆ ಹೊತ್ತು ಎಣಿಸಿ, ಹಣ ಮುರಿದುಕೊಂಡು, ಲೆಕ್ಕ ಮುಚ್ಚುತ್ತದೆ. ಬೇರೆ ಗುರುತು ಕೊಟ್ಟರೆ ಹಳೆಯ ಲೆಕ್ಕ ತೆರೆದೇ ಉಳಿಯುತ್ತದೆ.

ಸಾಮಾನ್ಯವಾಗಿ ನಡೆಯುವುದು ಹೀಗೆ. ಮಗನನ್ನು ವಿಮಾನಕ್ಕೆ ಬಿಟ್ಟು ಬರುವ ಚನ್ನಪಟ್ಟಣದ ಕುಟುಂಬ ಎಂದಿಟ್ಟುಕೊಳ್ಳಿ. ಒಳಹೋಗುವಾಗ ಟ್ಯಾಗ್ ಓದಿತು, ಕೋಲು ಎದ್ದಿತು. ಹೊರಬರುವಾಗ ವ್ಯಾಲೆಟ್‌ನಲ್ಲಿ ಹಣ ಸಾಲದು, ಕೋಲು ಏಳುವುದಿಲ್ಲ. ಹಿಂದೆ ಹಾರ್ನ್ ಮೇಲೆ ಹಾರ್ನ್. ಸಿಬ್ಬಂದಿ ಯುಪಿಐ ಚೌಕ ತೋರಿಸುತ್ತಾನೆ, ಗಾಬರಿಯಲ್ಲಿ ಹಣ ಕಳಿಸಿ ಮನೆ ಸೇರುತ್ತಾರೆ. ಟ್ಯಾಗಿನ ಲೆಕ್ಕವನ್ನು ಆತ ಮುಚ್ಚದಿದ್ದರೆ, ಆಮೇಲೆ ವ್ಯಾಲೆಟ್ ತುಂಬಿಸಿದಾಗ ಅದೇ ಪಾರ್ಕಿಂಗ್ ಹಣ ಇನ್ನೊಮ್ಮೆ ಕಡಿತವಾಗುವ ಅಪಾಯವಿದೆ.

ಆದ್ದರಿಂದ ಸಾಲಿಗೆ ಸೇರುವ ಮೊದಲು, ಕಾರು ನಿಂತಲ್ಲೇ ಕುಳಿತು ವ್ಯಾಲೆಟ್ ತುಂಬಿಸಿ. ಗೇಟಿನಲ್ಲಿ ನಿಂತು ರೀಚಾರ್ಜ್ ಮಾಡಿದರೆ ಟ್ಯಾಗ್ ಜೀವ ಪಡೆಯಲು ಒಮ್ಮೊಮ್ಮೆ ಹೊತ್ತು ಹಿಡಿಯುತ್ತದೆ. ನೆಲಮಾಳಿಗೆಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮೇಲೆ ಬಂದು ಮಾಡಿ. ಆದರೂ ಟ್ಯಾಗ್ ಕೈಕೊಟ್ಟು ಬೇರೆ ರೀತಿಯಲ್ಲಿ ಹಣ ಕೊಡಬೇಕಾದರೆ ಒಂದೇ ಒಂದು ವಾಕ್ಯ ಹೇಳಿ: 'ನನ್ನ ಟ್ಯಾಗ್ ಎಂಟ್ರಿ ಮುಚ್ಚಿ, ರಸೀದಿ ಕೊಡಿ.' ರಸೀದಿಯಲ್ಲಿ ಗಾಡಿ ನಂಬರ್, ಒಳಬಂದ ಹೊತ್ತು, ಹೊರಟ ಹೊತ್ತು ಮೂರೂ ಇರಬೇಕು. ಹಿಂದಿನವರು ಹಾರ್ನ್ ಹೊಡೆಯಲಿ ಬಿಡಿ, ನಿಮ್ಮ ದುಡ್ಡಿನ ವಿಷಯ.

ಇನ್ನೊಂದು ಅನುಭವದ ಮಾತು. ಕಾರು ಮಾರಿದವರು ಹಳೆಯ ಟ್ಯಾಗನ್ನು ಬ್ಯಾಂಕಿನಲ್ಲಿ ರದ್ದು ಮಾಡಿಸದೆ ಬಿಡುತ್ತಾರೆ. ಕೊಂಡವನು ಊರೂರು ಪಾರ್ಕಿಂಗ್ ಮಾಡುತ್ತಾನೆ, ದುಡ್ಡು ಕಟ್ಟುವವರು ಮಾರಿದವರು.

ಚೀಟಿಯವರಿಗೆ: ಮೊದಲೇ ಕೌಂಟರಿನಲ್ಲಿ ಹಣ ಕಟ್ಟುವ ಪದ್ಧತಿಯಿದ್ದರೆ, ಕಟ್ಟಿದ ಮೇಲೆ ಹೊರಹೋಗಲು ಕೆಲವೇ ನಿಮಿಷ ಕೊಟ್ಟಿರುತ್ತಾರೆ. ಕಟ್ಟಿ ಮತ್ತೆ ತಿಂಡಿಗೆ ಕುಳಿತರೆ ಹೊಸ ಗಂಟೆಯ ಲೆಕ್ಕ ಶುರು.

ದೂರು

ಹಣ ಎರಡು ಸಲ ಹೋದರೆ ರಸೀದಿ, ಎಸ್‌ಎಂಎಸ್ ಎರಡನ್ನೂ ಇಟ್ಟುಕೊಂಡು ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಕೊಡಿ, ಪಾರ್ಕಿಂಗ್ ನಡೆಸುವವರಿಗೂ ಬರೆಯಿರಿ. ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. 1033 ಹೆದ್ದಾರಿಯ ಸಹಾಯವಾಣಿ, ಮಾಲಿನ ಪಾರ್ಕಿಂಗ್ ಜಗಳ ಅಲ್ಲಿ ಬಗೆಹರಿಯುವುದಿಲ್ಲ.