ಮನೆಯ ಲೇತಿಗೆ ಧೂಳು ಹೀರುವ ಏರ್ಪಾಡು: ಇದ್ದ ಸಾಮಾನಿನಲ್ಲೇ ಮಾಡಿಕೊಳ್ಳಿ



ಚನ್ನಪಟ್ಟಣ ತಾಲ್ಲೂಕಿನ ರೈತರೊಬ್ಬರು ತಮ್ಮ ರಾಗಿ ಹೊಲದ ಒಂದು ಮೂಲೆ ಹಳದಿಗಟ್ಟಿದೆಯೆಂದು ನನ್ನನ್ನು ಕರೆಸಿದ್ದರು. ಪೈರು ಕಿತ್ತು ನೋಡಿದೆ, ರೋಗವಿರಲಿಲ್ಲ, ಹುಳುವಿರಲಿಲ್ಲ. ಮಣ್ಣು ಕೆದಕಿದಾಗ ಕಾರಣ ಕಂಡಿತು. ಹಿಂದಿನ ಬೇಸಿಗೆಯಲ್ಲಿ ಗೊಂಬೆ ಕಡೆದ ಹಾಲೆ ಮರದ ಹೊಟ್ಟನ್ನೆಲ್ಲ ಆ ಮೂಲೆಗೆ ಸುರಿದು ಉತ್ತಿದ್ದರು. ಈ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಹೊಟ್ಟು ಎಲ್ಲಿಂದ ಬಂತೆಂದು ನೋಡಲು ಅವರ ಮನೆಗೆ ಹೋದೆ. ಹಜಾರದ ಪಕ್ಕದ ಕೋಣೆಯಲ್ಲಿ ಲೇತ್ ಎಂದು ಕರೆಯುವ ಕಡಸಲು ಯಂತ್ರ ಓಡುತ್ತಿತ್ತು. ಮಗ ಕಡೆಯುತ್ತಿದ್ದ, ಸೊಸೆ ಉಪ್ಪುಕಾಗದ ಹಿಡಿದು ನಯ ಮಾಡುತ್ತಿದ್ದಳು, ಮಗು ಬಾಗಿಲ ಬಳಿ ಆಡುತ್ತಿತ್ತು. ಕಿಟಕಿಯಿಂದ ಬಿದ್ದ ಬಿಸಿಲಕೋಲಿನಲ್ಲಿ ಧೂಳು ಹೊಗೆಯಂತೆ ತೇಲುತ್ತಿತ್ತು. ಮೂವರೂ ಕೆಮ್ಮುತ್ತಿದ್ದರು. "ಇದು ಮರದ ಧೂಳು ಸ್ವಾಮಿ, ಏನೂ ಆಗೋದಿಲ್ಲ" ಎಂದರು ಯಜಮಾನರು. ಈ ಮಾತು ಸರಿಯಲ್ಲ. ಏಕೆ ಸರಿಯಲ್ಲ, ಹೆಚ್ಚು ಖರ್ಚಿಲ್ಲದೆ ಏನು ಮಾಡಬಹುದು ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಮರದ ಧೂಳಿನಿಂದ ಆಗುವ ಹಾನಿ

ಕಡೆಯುವಾಗ ಬೀಳುವ ಸುರುಳಿ ಮತ್ತು ದಪ್ಪ ಹೊಟ್ಟಿನಿಂದ ಅಪಾಯ ಕಡಿಮೆ. ಅವು ಕಾಲ ಬುಡದಲ್ಲೇ ಬೀಳುತ್ತವೆ, ಪೊರಕೆಗೆ ಸಿಗುತ್ತವೆ. ಹಾನಿ ಇರುವುದು ಉಪ್ಪುಕಾಗದ ಹಾಕುವಾಗ ಏಳುವ ನುಣುಪು ಧೂಳಿನಲ್ಲಿ. ಇದರ ದೊಡ್ಡ ಕಣಗಳು ಮೂಗಿನಲ್ಲಿ ನಿಲ್ಲುತ್ತವೆ. 10 ಮೈಕ್ರಾನಿಗಿಂತ ಚಿಕ್ಕ ಕಣಗಳು, ಅಂದರೆ ತಲೆಗೂದಲಿನ ದಪ್ಪದ ಸುಮಾರು ಏಳರಲ್ಲಿ ಒಂದು ಪಾಲಿನಷ್ಟು ಮತ್ತು ಅದಕ್ಕೂ ಸಣ್ಣವು, ಶ್ವಾಸಕೋಶಕ್ಕೆ ಇಳಿಯುತ್ತವೆ. ಇವು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತವೆ. ಲೇತ್ ನಿಲ್ಲಿಸಿ ಊಟಕ್ಕೆ ಕುಳಿತಾಗಲೂ ಮನೆಯವರು ಅದನ್ನೇ ಉಸಿರಾಡುತ್ತಿರುತ್ತಾರೆ.

ಮೂಗು ಕಟ್ಟುವುದು, ಕಣ್ಣುರಿ, ಕೆಮ್ಮು, ಉಬ್ಬಸ ಮೊದಲು ಕಾಣುವ ಲಕ್ಷಣಗಳು. ವರ್ಷಗಟ್ಟಲೆ ಧೂಳಿನಲ್ಲಿ ದುಡಿದರೆ ಇನ್ನೂ ಗಂಭೀರ ತೊಂದರೆಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಮೂಗಿನ ಒಳಭಾಗಕ್ಕೆ ಬರುವ ಕ್ಯಾನ್ಸರಿಗೂ ಈ ಧೂಳಿಗೂ ಇರುವ ನಂಟು ಸ್ಪಷ್ಟವಾಗಿದೆ.

ಕಸುಬಿಗೂ ಇದರಿಂದ ನಷ್ಟವಿದೆ. ಅರಗು ಹಚ್ಚುವ ಮುನ್ನ ಗೊಂಬೆಯ ಮೇಲೆ ಧೂಳು ಕೂತರೆ ಬಣ್ಣ ಸಮನಾಗಿ ಹಿಡಿಯುವುದಿಲ್ಲ. ತಾಳೆಗರಿಯಿಂದ ಎಷ್ಟು ಉಜ್ಜಿದರೂ ಹೊಳಪಿನಲ್ಲಿ ಚುಕ್ಕೆ ಉಳಿಯುತ್ತದೆ.

ತೂರುವ ತತ್ವವೇ ಇಲ್ಲಿಯೂ

ಕಣದಲ್ಲಿ ರಾಗಿ ತೂರುವಾಗ ಯಾರೂ ಗಾಳಿಗೆ ಎದುರಾಗಿ ಹೊಟ್ಟು ಬೀಳುವ ಕಡೆ ನಿಲ್ಲುವುದಿಲ್ಲ. ಗಾಳಿ ಬೆನ್ನ ಹಿಂದಿನಿಂದ ಅಥವಾ ಪಕ್ಕದಿಂದ ಬರುವಂತೆ ನಿಲ್ಲುತ್ತಾರೆ. ಭಾರವಾದ ಕಾಳು ಬುಡದಲ್ಲಿ ಬೀಳುತ್ತದೆ, ಹಗುರವಾದ ಹೊಟ್ಟು ದೂರ ಹೋಗುತ್ತದೆ. ಧೂಳು ಹೀರುವ ಸಾಧನದಲ್ಲಿ ಇರುವುದು ಇದೇ ಎರಡು ತತ್ವ: ಗಾಳಿ ಕೆಲಸಗಾರನ ಕಡೆಯಿಂದ ಧೂಳಿನ ಕಡೆಗೆ ಹರಿಯಬೇಕು, ಭಾರವಾದದ್ದನ್ನು ದಾರಿಯಲ್ಲೇ ಬೀಳಿಸಿಕೊಳ್ಳಬೇಕು.

ಆದ್ದರಿಂದ ಮೊದಲ ಹೆಜ್ಜೆಗೆ ಕಾಸು ಖರ್ಚಿಲ್ಲ. ನಿಮ್ಮ ಬೆನ್ನ ಹಿಂದೆ ಕಿಟಕಿ ಅಥವಾ ಬಾಗಿಲು, ಎದುರಿಗೆ ಹೊರಗೋಡೆ ಇರುವಂತೆ ಲೇತನ್ನು ತಿರುಗಿಸಿ ನಿಲ್ಲಿಸಿ. ಆ ಗೋಡೆಯಲ್ಲಿ, ಲೇತಿನ ಮಟ್ಟಕ್ಕೇ, ಗಾಳಿಯನ್ನು ಹೊರಗೆ ತಳ್ಳುವ 12 ಅಥವಾ 15 ಅಂಗುಲದ ಎಕ್ಸಾಸ್ಟ್ ಫ್ಯಾನ್ ಕೂರಿಸಿದರೆ ಇನ್ನೂ ಉತ್ತಮ. ತಲೆಯ ಮೇಲಿನ ಫ್ಯಾನನ್ನು ಮಾತ್ರ ಹಾಕಬಾರದು. ಅದು ಧೂಳನ್ನು ಹೊರಗೆ ಕಳಿಸುವುದಿಲ್ಲ, ಕೋಣೆಯಲ್ಲೇ ಕಲಕುತ್ತದೆ.

ಹೀರುವ ಸಾಧನ ಮಾಡುವ ಕ್ರಮ

ದಿನವಿಡೀ ಕೆಲಸ ಮಾಡುವವರಿಗೆ ಎಕ್ಸಾಸ್ಟ್ ಫ್ಯಾನ್ ಒಂದೇ ಸಾಲದು. ಧೂಳು ಹುಟ್ಟುವ ಜಾಗದಲ್ಲೇ ಹೀರಿಕೊಳ್ಳಬೇಕು. ಇದಕ್ಕೆ ಬೇಕಾದದ್ದು ನಾಲ್ಕು ಭಾಗ: ಬಾಯಿ, ಕೊಳವೆ, ಪೀಪಾಯಿ, ಬ್ಲೋವರ್.

1. ಬಾಯಿ: 15 ಕಿಲೋ ಎಣ್ಣೆಯ ಖಾಲಿ ಡಬ್ಬವೊಂದನ್ನು ಅಡ್ಡಕ್ಕೆ ಕತ್ತರಿಸಿ, ತಳದಿಂದ 5–6 ಅಂಗುಲ ಆಳದಷ್ಟು ಉಳಿಸಿಕೊಳ್ಳಿ. ಅಂಚನ್ನು ಒಳಕ್ಕೆ ಮಡಿಸಿ ತಟ್ಟಿ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ತಳದಲ್ಲಿ 4 ಅಂಗುಲದ ತೂತು ಮಾಡಿ ಕೊಳವೆ ಸಿಕ್ಕಿಸಿ. ಇದನ್ನು ತಿರುಗುವ ಮರದ ಹಿಂಭಾಗದಲ್ಲಿ, ಸ್ವಲ್ಪ ಕೆಳಗೆ, 2–3 ಅಂಗುಲ ದೂರದಲ್ಲಿ ಭದ್ರವಾಗಿ ನಿಲ್ಲಿಸಿ.

ಜಾಗದ ವಿಷಯದಲ್ಲಿ ಉದಾಸೀನ ಬೇಡ. ಲೇತಿನಲ್ಲಿ ಮರದ ಮೇಲ್ಭಾಗ ನಿಮ್ಮ ಕಡೆಗೂ, ಕೆಳಭಾಗ ನಿಮ್ಮಿಂದ ಆಚೆಗೂ ತಿರುಗುತ್ತದೆ. ಉಪ್ಪುಕಾಗದವನ್ನು ಮರದ ಕೆಳಭಾಗಕ್ಕೆ ಹಿಡಿದರೆ ಧೂಳು ತಾನಾಗಿಯೇ ಹಿಂದಕ್ಕೆ, ಡಬ್ಬದ ಬಾಯಿಗೆ ಚಿಮ್ಮುತ್ತದೆ. ಮೇಲೆ ಹಿಡಿದರೆ ನಿಮ್ಮ ಮುಖಕ್ಕೆ ಬರುತ್ತದೆ.

ಊದುವ ಗಾಳಿ ದೂರದವರೆಗೆ ಹೋಗುತ್ತದೆ, ಹೀರುವ ಗಾಳಿಗೆ ಆ ಶಕ್ತಿಯಿಲ್ಲ. ದೀಪವನ್ನು ಅಡಿ ದೂರದಿಂದ ಊದಿ ಆರಿಸಬಹುದು, ಉಸಿರೆಳೆದು ಆರಿಸಲಾಗುವುದಿಲ್ಲ. 4 ಅಂಗುಲದ ಬರಿಯ ಕೊಳವೆಯೊಳಗೆ ಗಾಳಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿದ್ದರೂ, ಬಾಯಿಂದ 4 ಅಂಗುಲ ಆಚೆಗೆ ಅದು ಸುಮಾರು ಒಂದೂವರೆ ಮೀಟರಿಗೆ, 8 ಅಂಗುಲ ಆಚೆಗೆ ಅರ್ಧ ಮೀಟರಿಗಿಂತಲೂ ಕೆಳಗೆ ಇಳಿಯುತ್ತದೆ. ದೊಡ್ಡ ಮೋಟಾರ್ ಕೊಂಡು ಬಾಯನ್ನು ದೂರವಿಡುವುದಕ್ಕಿಂತ, ಚಿಕ್ಕ ಮೋಟಾರ್ ಇಟ್ಟುಕೊಂಡು ಬಾಯನ್ನು ಹತ್ತಿರ ತರುವುದು ಲಾಭ.

2. ಕೊಳವೆ: ತೋಟದ ನೀರಾವರಿಗೆ ತಂದು ಉಳಿದ 4 ಅಂಗುಲದ ಪಿ.ವಿ.ಸಿ. ಪೈಪು ಸಾಕು. ಉದ್ದ ಕಡಿಮೆಯಿರಲಿ, ತಿರುವುಗಳು ಕಡಿಮೆಯಿರಲಿ. ಒಂದು ನೆಟ್ಟನೆ ಎಲ್ಬೋ ಬದಲು ಎರಡು ಅರ್ಧ ತಿರುವುಗಳನ್ನು ಬಳಸಿ. ಒಣ ಧೂಳು ಉಜ್ಜಿ ಪ್ಲಾಸ್ಟಿಕ್ ಪೈಪಿನಲ್ಲಿ ಸ್ಥಾಯಿ ವಿದ್ಯುತ್ ಸೇರುತ್ತದೆ, ಮುಟ್ಟಿದರೆ ಚುರ್ ಎನ್ನುತ್ತದೆ. ಪೈಪಿನ ಉದ್ದಕ್ಕೂ ಬರಿಯ ತಾಮ್ರದ ತಂತಿ ಸುತ್ತಿ ಅರ್ಥ್‌ಗೆ ಸೇರಿಸಿ.

3. ಪೀಪಾಯಿ: ಇದು ನಿಮ್ಮ ಕಣ. ಮುಚ್ಚಳವಿರುವ 200 ಲೀಟರಿನ ಕಬ್ಬಿಣದ ಪೀಪಾಯಿ ಒಳ್ಳೆಯದು. ಮುಚ್ಚಳದಲ್ಲಿ ಎರಡು ತೂತು: ಅಂಚಿನ ಬಳಿ ಒಂದು, ನಡುವೆ ಒಂದು. ಲೇತಿನಿಂದ ಬರುವ ಕೊಳವೆಯನ್ನು ಅಂಚಿನ ತೂತಿಗೆ ಸೇರಿಸಿ, ಒಳಗಡೆ ಒಂದು ಎಲ್ಬೋ ಹಾಕಿ ಗಾಳಿ ಪೀಪಾಯಿಯ ಗೋಡೆಗುಂಟ ಸುತ್ತುವಂತೆ ತಿರುಗಿಸಿ. ನಡುವಿನ ತೂತಿನಿಂದ ಬ್ಲೋವರಿಗೆ ಕೊಳವೆ ಹೋಗಲಿ. ಸುತ್ತುವ ಗಾಳಿಯಲ್ಲಿ ಸುರುಳಿ, ದಪ್ಪ ಹೊಟ್ಟು ಗೋಡೆಗೆ ತಾಗಿ ಕೆಳಗೆ ಬೀಳುತ್ತವೆ. ನುಣುಪು ಧೂಳು ಮಾತ್ರ ಮುಂದಕ್ಕೆ ಹೋಗುತ್ತದೆ.

ಮುಚ್ಚಳದ ಅಂಚಿಗೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಕೂರಿಸಿ ಬಿಗಿಮಾಡಿ. ಇಲ್ಲಿ ಗಾಳಿ ಸೋರಿದರೆ ಬಿದ್ದ ಹೊಟ್ಟು ಮತ್ತೆ ಮೇಲೇಳುತ್ತದೆ. ಪೀಪಾಯಿ ಅರ್ಧ ತುಂಬುವ ಮೊದಲೇ ಬರಿದು ಮಾಡಬೇಕು. ತೆಳು ಪ್ಲಾಸ್ಟಿಕ್ ಡ್ರಮ್ ಬೇಡ. ಕೊಳವೆ ಕಟ್ಟಿಕೊಂಡರೆ ಅದು ಒಳಕ್ಕೆ ಕುಸಿದುಬಿಡುತ್ತದೆ.

4. ಬ್ಲೋವರ್: ಚಕ್ರದಂತೆ ಅಲಗುಗಳಿರುವ, 1 ಅಶ್ವಶಕ್ತಿಯ ಬ್ಲೋವರ್ ಒಂದು ಲೇತಿಗೆ ಸಾಕು. 4 ಅಂಗುಲದ ಕೊಳವೆಯಲ್ಲಿ ಧೂಳು ತಳಕ್ಕೆ ಕೂರದೆ ಸಾಗಬೇಕಾದರೆ ಗಂಟೆಗೆ ಸುಮಾರು 560 ಘನಮೀಟರ್ ಗಾಳಿ ಹರಿಯಬೇಕು. ಮನೆ ಗುಡಿಸುವ ವ್ಯಾಕ್ಯೂಮ್ ಯಂತ್ರಕ್ಕೆ ಎಳೆತ ಜಾಸ್ತಿ, ಗಾಳಿಯ ಪ್ರಮಾಣ ಕಡಿಮೆ. ಅದು ಈ ಕೆಲಸಕ್ಕೆ ಒದಗದು.

3 ಫೇಸ್ ಮೋಟಾರ್ ಇದ್ದರೆ ತಿರುಗುವ ದಿಕ್ಕನ್ನು ಪರೀಕ್ಷಿಸಿ. ಪಂಪ್‌ಸೆಟ್ಟಿನಲ್ಲಾಗುವಂತೆ ತಂತಿ ಅದಲುಬದಲಾದರೆ ಚಕ್ರ ಹಿಂದುಮುಂದಾಗಿ ತಿರುಗುತ್ತದೆ. ಆಗಲೂ ಗಾಳಿ ಬರುವುದರಿಂದ ತಪ್ಪು ಗೊತ್ತಾಗುವುದಿಲ್ಲ, ಆದರೆ ಬಲವಿರುವುದಿಲ್ಲ.

ಬಿಟ್ಟ ಗಾಳಿ ಎಲ್ಲಿಗೆ?

ಬ್ಲೋವರಿನಿಂದ ಹೊರಬರುವ ಗಾಳಿಯಲ್ಲಿ ಇರುವುದೇ ಅತಿ ನುಣುಪಾದ, ಅತಿ ಕೆಟ್ಟ ಧೂಳು. ಇದನ್ನು ಬಟ್ಟೆ ಚೀಲಕ್ಕೆ ಬಿಟ್ಟು ಆ ಚೀಲವನ್ನು ಕೋಣೆಯಲ್ಲೇ ತೂಗುಹಾಕುವುದು ಹಲವರು ಮಾಡುವ ತಪ್ಪು. ಹೊಸ ಬಟ್ಟೆಯ ಮೂಲಕ ನುಣುಪು ಧೂಳು ಸಲೀಸಾಗಿ ಹೊರಬರುತ್ತದೆ. ಚೀಲ ಮನೆಯ ಹೊರಗೆ, ಸೂರಿನ ಕೆಳಗೆ, ಮಳೆ ತಾಗದಂತೆ ಇರಬೇಕು. ದಪ್ಪ ನೇಯ್ಗೆಯ ಹತ್ತಿ ಬಟ್ಟೆ ಕನಿಷ್ಠ 3 ಚದರ ಮೀಟರ್ ಇರಲಿ; ಚೀಲ ಚಿಕ್ಕದಾದರೆ ಗಾಳಿ ಕಟ್ಟಿ ಹೀರುವ ಬಲ ಕುಗ್ಗುತ್ತದೆ. ವಾರಕ್ಕೊಮ್ಮೆ ಹೊರಗೇ ಒದರಿ. ಒದರುವಾಗ ಮುಖಗವಸು ಇರಲಿ. ಚೀಲದ ದಿಕ್ಕು ನೆರೆಮನೆ, ಬಾವಿ, ಹಿಪ್ಪುನೇರಳೆ ತೋಟದ ಕಡೆಗೆ ಬೇಡ. ಧೂಳು ಕೂತ ಸೊಪ್ಪು ರೇಷ್ಮೆ ಹುಳುವಿಗೆ ಒಳ್ಳೆಯದಲ್ಲ.

ಹೊರಗೆ ಹೋದಷ್ಟೇ ಗಾಳಿ ಒಳಗೆ ಬರಬೇಕು. ಬೆನ್ನ ಹಿಂದಿನ ಕಿಟಕಿ ತೆರೆದಿರಲಿ. ಅದನ್ನು ಮುಚ್ಚಿದರೆ ಅಡುಗೆಮನೆಯ ಒಲೆಯ ಹೊಗೆ ಕೋಣೆಗೆ ಎಳೆದು ಬರುತ್ತದೆ.

ಸರಿಯಾಗಿದೆಯೇ? ಎರಡು ಪರೀಕ್ಷೆ

ಹೊಟ್ಟೆಲ್ಲ ಗುಡಿಸಿ ತೆಗೆದು, ಲೇತ್ ನಿಲ್ಲಿಸಿ, ಬ್ಲೋವರ್ ಮಾತ್ರ ಓಡಿಸಿ. ಹಚ್ಚಿದ ಊದುಬತ್ತಿಯನ್ನು ಉಪ್ಪುಕಾಗದ ಹಿಡಿಯುವ ಜಾಗದ ಬಳಿ ಹಿಡಿಯಿರಿ. ಕಿಡಿ ಬಾಯೊಳಕ್ಕೆ ಹೋಗದಂತೆ ಎಚ್ಚರವಿರಲಿ. ಹೊಗೆ ನೆಟ್ಟಗೆ ಡಬ್ಬದ ಬಾಯಿಗೆ ಹೋದರೆ ಸರಿ. ಮೇಲಕ್ಕೆ ಹೋದರೆ ಬಾಯನ್ನು ಹತ್ತಿರ ತನ್ನಿ. ಮತ್ತೊಂದು ಪರೀಕ್ಷೆ ಸಂಜೆಯದು. ಕೆಲಸ ಮುಗಿದ ಮೇಲೆ ದೀಪ ಆರಿಸಿ ಟಾರ್ಚ್ ಬಿಡಿ. ಬೆಳಕಿನಲ್ಲಿ ತೇಲುವ ಧೂಳು ಎಷ್ಟಿದೆಯೆಂದು ನಿಮ್ಮ ಕಣ್ಣೇ ಹೇಳುತ್ತದೆ.

ಎಷ್ಟೇ ಚೆನ್ನಾಗಿ ಮಾಡಿದರೂ ಸ್ವಲ್ಪ ಧೂಳು ಉಳಿಯುತ್ತದೆ. ಉಪ್ಪುಕಾಗದ ಹಾಕುವಾಗ ಎನ್-95 ಮುಖಗವಸು ಧರಿಸಿ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ನುಣುಪು ಧೂಳು ನಿಲ್ಲುವುದಿಲ್ಲ. ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಬೆಂಕಿಯ ಎಚ್ಚರ

ಮರದ ನುಣುಪು ಧೂಳು ಗಾಳಿಯಲ್ಲಿ ತುಂಬಿದಾಗ ಒಂದು ಕಿಡಿಗೂ ಭುಗ್ಗೆಂದು ಹತ್ತಬಹುದು. ಉಳಿ ಮಸೆಯುವ ಸಾಣೆಚಕ್ರವನ್ನು ಈ ಕೊಳವೆಗೆ ಎಂದೂ ಸೇರಿಸಬಾರದು. ಅದರ ಕಿಡಿ ಪೀಪಾಯಿಯ ಹೊಟ್ಟಿನಲ್ಲಿ ಒಳಗೊಳಗೇ ಉರಿದು ರಾತ್ರಿ ಹೊತ್ತಿಕೊಳ್ಳುತ್ತದೆ. ಕೋಣೆಯಲ್ಲಿ ಬೀಡಿ ಸೇದಬಾರದು. ಮೋಟಾರಿನ ಮೇಲೆ ಧೂಳು ಕೂರಲು ಬಿಡಬಾರದು.

ಹೊಟ್ಟಿನ ಸದುಪಯೋಗ

ಈಗ ರಾಗಿ ಹೊಲಕ್ಕೆ ಮರಳೋಣ. 100 ಕಿಲೋ ಒಣ ಮರದ ಹೊಟ್ಟಿನಲ್ಲಿ ಇಂಗಾಲ ಸುಮಾರು 50 ಕಿಲೋ ಇದ್ದರೆ ಸಾರಜನಕ ಕಾಲು ಕಿಲೋ ಇದ್ದರೆ ಹೆಚ್ಚು. ಇದನ್ನು ಹಸಿಯಾಗಿ ಮಣ್ಣಿಗೆ ಸೇರಿಸಿದರೆ, ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಸಿದುಕೊಳ್ಳುತ್ತವೆ. ಪೈರಿಗೆ ಉಳಿಯುವುದಿಲ್ಲ, ಆದ್ದರಿಂದ ಹಳದಿಯಾಗುತ್ತದೆ. ಆ ರೈತರ ಹೊಲದಲ್ಲಿ ಆದದ್ದು ಇದೇ. ಯೂರಿಯಾ ಮೇಲುಗೊಬ್ಬರ ಕೊಟ್ಟ ಮೇಲೆ ಪೈರು ಚೇತರಿಸಿಕೊಂಡಿತು.

ಹೊಟ್ಟನ್ನು ಕೊಳೆಸಿಯೇ ಹಾಕಬೇಕು. 100 ಕಿಲೋ ಹೊಟ್ಟಿಗೆ 150 ಕಿಲೋ ಹಸಿ ಸಗಣಿಯನ್ನು ಬಗ್ಗಡ ಮಾಡಿ, 2 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ, ಪದರಪದರವಾಗಿ ಗುಂಡಿಗೆ ತುಂಬಿ. ಹಸಿ ಆರದಂತೆ ನೀರು ಚಿಮುಕಿಸಿ, ತಿಂಗಳಿಗೊಮ್ಮೆ ತಿರುವಿಹಾಕಿ. ಮರದ ಹೊಟ್ಟು ನಿಧಾನವಾಗಿ ಕೊಳೆಯುವುದರಿಂದ ಕನಿಷ್ಠ ಆರು ತಿಂಗಳು ಬಿಡಬೇಕು. ಕೊಟ್ಟಿಗೆಯಲ್ಲಿ ದನಗಳ ಕೆಳಗೆ ಹಾಸಿ, ಗಂಜಲ ಹೀರಿದ ಮೇಲೆ ಗುಂಡಿಗೆ ಹಾಕುವುದು ಇನ್ನೂ ಸುಲಭ. ಬಣ್ಣ, ಅರಗು ಸೇರಿದ ಹೊಟ್ಟನ್ನೂ ಪ್ಲೈವುಡ್ ಪುಡಿಯನ್ನೂ ಗೊಬ್ಬರಕ್ಕೆ ಸೇರಿಸಬೇಡಿ.

ನೆನಪಿಡಬೇಕಾದ ಅಂಶಗಳು

1. ಗಾಳಿ ಬೆನ್ನ ಹಿಂದಿನಿಂದ ಬರಲಿ, ಧೂಳು ಎದುರಿನ ಗೋಡೆಯಿಂದ ಹೊರಹೋಗಲಿ.
2. ಹೀರುವ ಬಾಯಿ ಮರದಿಂದ 2–3 ಅಂಗುಲಕ್ಕಿಂತ ದೂರ ಬೇಡ.
3. ಉಪ್ಪುಕಾಗದ ಮರದ ಕೆಳಭಾಗಕ್ಕೆ ಹಿಡಿಯಿರಿ.
4. ಚೀಲ ಯಾವಾಗಲೂ ಮನೆಯ ಹೊರಗೆ.
5. ಪೀಪಾಯಿ ಅರ್ಧ ತುಂಬುವ ಮೊದಲೇ ಬರಿದು ಮಾಡಿ.
6. ಹಸಿ ಹೊಟ್ಟನ್ನು ಹೊಲಕ್ಕೆ ಉಳಬೇಡಿ, ಕೊಳೆಸಿ ಹಾಕಿ.

ಬೇಸಾಯದ ಬಿಡುವಿನಲ್ಲಿ ಕಡಸಲು ಕೆಲಸ ನಾಲ್ಕು ಕಾಸು ತರುತ್ತದೆ, ಸಂತೋಷ. ಆ ಕಾಸು ಮುಂದೆ ಆಸ್ಪತ್ರೆಯ ಪಾಲಾಗಬಾರದು. ಮಕ್ಕಳ ಕೈಗೆ ಗೊಂಬೆ ಮಾಡಿಕೊಡುವ ಮನೆಯಲ್ಲಿ ಮಕ್ಕಳು ಕೆಮ್ಮುವಂತಾಗಬಾರದು. ಮುಂದಿನ ಸುಗ್ಗಿ ಮುಗಿದು ಲೇತ್ ಹೂಡುವ ಮೊದಲು ಒಂದು ದಿನ ಈ ಕೆಲಸಕ್ಕೆ ಮೀಸಲಿಡಿ.